ಕೊನೆಯ ಪದದಿಂದ ಮೊದಲ ಪುಟದವರೆಗೆ

ಪಿತೃಪಕ್ಷದ ಕೊನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಹೈದರಾಬಾದಿನ ಕಾಚಿಗುಡದಲ್ಲಿ ಸುಭದ್ರಾಬಾಯಿಯವರ ಮನೆಯ ನಡುಕೋಣೆ. ಹಾಜರಿದ್ದವರು ಸುಭದ್ರಾಬಾಯಿ, ಅವರ ಹಳೆಯ ವಿದ್ಯಾರ್ಥಿನಿ ವೀಣಾ ಮತ್ತು ನಾನು. ಮೇಜಿನ ಮೇಲೆ ಕಂಪ್ಯೂಟರು, ಒಂದು ಸಿ.ಡಿ., ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

ಹೀಗೆ ಬರೆದಿಡುವುದು ನನ್ನ ಅಭ್ಯಾಸ. ಕೇಂದ್ರ ಸರಕಾರದ ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಹಾಸನದ ಕಡೆಯಿಂದ ಟ್ರೇಸರ್ ಆಗಿ ಬಂದು ಸೇರಿದೆ. ಬೇರೆಯವರು ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆಗೆ ಗೆರೆ ತಿದ್ದುವ ಕೆಲಸ. ನಿವೃತ್ತಿಯ ಹೊತ್ತಿಗೆ ಚೆಕರ್ ಆಗಿದ್ದೆ. ನನ್ನ ಸಹಿ ಬೀಳದೆ ಯಾವ ನಕ್ಷೆಯೂ ಯಂತ್ರಗಳಿದ್ದ ಶಾಪಿಗೆ ಹೋಗುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ಒಂದು ನಿಯಮವನ್ನು ಮೊದಲ ದಿನವೇ ಕಲಿಸುತ್ತಿದ್ದರು. ಪ್ರತಿ ಹರಿಯಬಹುದು, ಕಳೆಯಬಹುದು. ಮೂಲ ನಕ್ಷೆಯನ್ನು ಮಾತ್ರ ಯಾರೂ ನಾಶ ಮಾಡಬಾರದು. ಆ ಶನಿವಾರ ಕತ್ತರಿ ಹಿಡಿದು ಕುಳಿತಿದ್ದವಳು ನಾನೇ. ಏಕೆಂದು ಹೇಳಲು ಆ ವರ್ಷದ ಮಳೆಗಾಲದ ಆರಂಭಕ್ಕೆ ಹೋಗಬೇಕು.

ಅದೆಲ್ಲ ಮತ್ತೆ ನೆನಪಾದದ್ದು ಹೋದ ವಾರ. ಔಷಧಿ ತರಲು ಕೋಠಿಗೆ ಹೋಗಿದ್ದೆ. ಮಳೆ ಜೋರಾಗಿ ಬಂತು. ಪುಸ್ತಕದಂಗಡಿಗಳ ಸಾಲಿನಲ್ಲಿ ಒಂದು ತಗಡಿನ ಚಾವಣಿಯ ಕೆಳಗೆ ನಿಂತೆ. ಒಳಗೆ ಯಾರೋ ಪ್ರಿಂಟ್ ತೆಗೆಯುತ್ತಿದ್ದರು. ಒದ್ದೆ ಕಾಗದ, ಬಿಸಿ ಮಸಿಪುಡಿ, ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಕೈಚೀಲ ಎದೆಗೊತ್ತಿಕೊಂಡು ಹಾಗೆಯೇ ನಿಂತುಬಿಟ್ಟೆ. ಆ ಮಳೆಗಾಲದಲ್ಲಿ ಎಷ್ಟೋ ಸಲ ಇದೇ ಸಾಲಿಗೆ ಬಂದಿದ್ದೆ. ಸುಭದ್ರಾಬಾಯಿ ಈ ವರ್ಷ ಇಲ್ಲ.

ಅವರು ಹುಮನಾಬಾದಿನವರು. ಮದುವೆಯಾಗಿ ಹೈದರಾಬಾದಿಗೆ ಬಂದು, ಇಲ್ಲಿನ ಒಂದು ಚಿಕ್ಕ ಕನ್ನಡ ಶಾಲೆಯಲ್ಲಿ ಟೀಚರಾಗಿ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಶಾಲೆ ಮುಚ್ಚಿ ಬಹಳ ವರ್ಷವಾಯಿತು. ಆದರೂ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಅಕ್ಕೋರೇ. ನಾನಿದ್ದದ್ದು ಮೇಲಿನ ಮನೆ, ಅವರು ಕೆಳಗಿನ ಮನೆ. ಮಗ ಅಶೋಕ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಬೆಳಗಾಗುವ ಮೊದಲೇ ಬಸ್ಸು ಹಿಡಿಯುತ್ತಿದ್ದ. ಸಕ್ಕರೆ ಕಾಯಿಲೆ ಅಕ್ಕೋರ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡಿತ್ತು. ಆ ಬೇಸಿಗೆಯ ಹೊತ್ತಿಗೆ ಬೆಳಕು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ಮೊದಲ ಮಳೆ ಬಿದ್ದ ಮರುದಿನ ಅವರು ನನ್ನನ್ನು ಕರೆಸಿದರು. ಕೈಯಲ್ಲಿ ಸಿ.ಡಿ. ಇತ್ತು. ಅದರ ಮೇಲೆ ದಪ್ಪ ಪೆನ್ನಿನಲ್ಲಿ ಅವರದೇ ಅಕ್ಷರ: ‘ನನ್ನದು’.

"ಪದ್ಮಮ್ಮರ, ಬಾಗಲಾ ಮುಂದ ಮಾಡಿ ಕುಂಡರ್ರಿ," ಎಂದರು. "ದಸರಾದ ಮೊದಲ ನನ್ನ ಹೃದಯದ ಆಪರೇಷನ್ ಅಂತ ಹೇಳ್ಯಾರ. ಎದ್ದರ ಎದ್ದೆ, ಇಲ್ಲಂದ್ರ ಇಲ್ಲ. ಅದರೊಳಗ ಈ ಕೆಲಸ ಮುಗೀಬೇಕ್ರಿ."

ಕಣ್ಣು ಇದ್ದ ಕಾಲದಲ್ಲಿ ಅವರು ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತು ತಮ್ಮ ಬದುಕನ್ನು ಬರೆದಿಟ್ಟಿದ್ದರು. ಹುಮನಾಬಾದಿನ ಮನೆ, ಇಲ್ಲಿಯ ಕೂಡುಕುಟುಂಬ, ಶಾಲೆ. ಆ ಕಂಪ್ಯೂಟರು ಕೆಟ್ಟು ಗುಜರಿಗೆ ಹೋಗಿತ್ತು. ಉಳಿದದ್ದು ಈ ಸಿ.ಡಿ. ಮಾತ್ರ.

"ಪುಸ್ತಕ ಮಾಡ್ಸೋದಾ ಅಕ್ಕೋರೇ? ನಾನು ಓದಿ ಹೇಳಲಾ?" ಎಂದೆ.

"ಬ್ಯಾಡ್ರಿ!" ಅವರು ಸಿ.ಡಿ.ಯನ್ನು ಹಿಂದಕ್ಕೆ ಎಳೆದುಕೊಂಡರು. "ಬರಿಯೂ ಹೊತ್ತಿನ್ಯಾಗ ಸಿಟ್ಟು ಭಾಳ ಇತ್ತು. ಯಾರ ಮ್ಯಾಲ ಏನೇನ ಬರದೀನೊ, ಈಗ ಎಲ್ಲಾ ನೆಪ್ಪಿಲ್ಲ. ಮೊದಲ ನಾ ಕೇಳಬೇಕು. ತಗಿಯೂದು ತಗೀಬೇಕು. ಆಮ್ಯಾಲ ಊರೆಲ್ಲಾ ಓದ್ಲಿ."

"ಅಷ್ಟೊಂದು ಭಯ ಇದ್ರೆ ಪೂರ್ತಿ ತೆಗೆದುಬಿಡೋಣ ಬಿಡಿ."

ಅವರು ಸಿ.ಡಿ.ಯನ್ನು ಸೆರಗಿನಿಂದ ಒರೆಸಿದರು. "ಅದರಾಗ ನನ್ನ ಸಾಲಿ ಐತ್ರಿ ಪದ್ಮಮ್ಮರ. ಮತ್ತೆಲ್ಲೂ ಇಲ್ಲ ಅದು."

ಅಲ್ಲಿಗೆ ಕೆಲಸ ಏನೆಂಬುದು ಸ್ಪಷ್ಟವಾಯಿತು. ಅವರು ಬರೆದದ್ದನ್ನು ಅವರಿಗೆ ಕೇಳಿಸಬೇಕು. ನಡುವೆ ಇನ್ನೊಬ್ಬ ಮನುಷ್ಯರ ಕಣ್ಣಾಗಲಿ ಬಾಯಾಗಲಿ ಇರಬಾರದು. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕನ್ನಡವನ್ನು ಗಟ್ಟಿಯಾಗಿ ಓದುವ ದನಿ ಬಂದಿದೆಯಲ್ಲ, ಅಶೋಕ ತಾನು ತಂದ ಹೊಸ ಕಂಪ್ಯೂಟರಿಗೆ ಅದನ್ನು ಆಗಲೇ ಹಾಕಿಕೊಟ್ಟಿದ್ದ. ಅಕ್ಕೋರು ಸುದ್ದಿಯನ್ನೆಲ್ಲ ಹಾಗೆಯೇ ಕೇಳುತ್ತಿದ್ದರು. ಸಿ.ಡಿ. ಹಾಕಿ ಓದಿಸಿದರೆ ಮುಗಿಯಿತು ಎಂದುಕೊಂಡೆ.

ಹಾಕಿದೆ. ಪರದೆಯ ತುಂಬ ಇಂಗ್ಲಿಷಿನ ಚೂರುಗಳು. ತಲೆಯ ಮೇಲೆ ಗೀಟಿರುವ ‘ಎ’ಗಳು, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು. ಕನ್ನಡದ ಒಂದು ಅಕ್ಷರವೂ ಇಲ್ಲ. ಸಿ.ಡಿ. ಹಾಳಾಗಿದೆ ಎಂದುಕೊಂಡೆ. ಆದರೆ ಅಕ್ಕೋರು ಓದಿಸಿ ನೋಡಿ ಎಂದರು. ಯಂತ್ರ ಗಂಭೀರವಾಗಿ ಓದಿತು: "ಪಿ, ಎ, ಪೌಂಡ್, ಎ, ಪೌಂಡ್..."

"ಏನ್ರಿ ಇದು?" ಅಕ್ಕೋರು ನಕ್ಕುಬಿಟ್ಟರು. "ನಾ ಹುಮನಾಬಾದಿನಾಕಿ. ಲಂಡನ್ನಿನ ಸಂತಿ ಲೆಕ್ಕ ಯಾವಾಗ ಬರದೆ?"

ನಾನು ಸಿ.ಡಿ.ಯನ್ನು ಚೀಲದಲ್ಲಿಟ್ಟುಕೊಂಡು ಕೋಠಿಗೆ ಹೋದೆ. ಅಲ್ಲಿ ರಶೀದ್ ಎಂಬುವನ ಡಿಟಿಪಿ ಅಂಗಡಿ ಇತ್ತು. ಐದು ಲಿಪಿಗಳಲ್ಲಿ ಮದುವೆ ಕಾರ್ಡು ಮಾಡುವವನು. ಅದರಲ್ಲಿ ಕನ್ನಡವೂ ಒಂದು, ಆದರೆ ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಗಿರಾಕಿ ತಂದ ಮಾದರಿಯನ್ನು ನೋಡಿ ಆಕಾರಕ್ಕೆ ಆಕಾರ ಹೊಂದಿಸುತ್ತಿದ್ದ. ಓದಲು ಬಾರದವನು ಎಂಬ ಕಾರಣಕ್ಕೇ ಅಕ್ಕೋರು ಅವನ ಹತ್ತಿರ ಹೋಗಲು ಒಪ್ಪಿದ್ದರು.

ಅವನು ಒಂದು ಕ್ಷಣ ನೋಡಿ, "ಫಾಂಟ್ ನೈ ಹೈ ಅಮ್ಮಾ, ಬಸ್," ಎಂದ. ತನ್ನ ಹಳೆಯ ಭಂಡಾರದಿಂದ ಒಂದು ಫಾಂಟು ಹುಡುಕಿ ಹಾಕಿದ. ನನ್ನ ಕಣ್ಣೆದುರೇ ಆ ಚೂರುಗಳೆಲ್ಲ ಒಮ್ಮೆಲೇ ಕನ್ನಡವಾದವು. ನಾನು ತಕ್ಷಣ ಮುಖ ತಿರುಗಿಸಿದೆ, ಓದಬಾರದಲ್ಲ. "ಏನಮ್ಮಾ, ಖುಷಿ ಇಲ್ಲಾ? ನೋಡೋದೇ ಇಲ್ಲಾ?" ಎಂದು ಅವನು ತನ್ನ ಅರೆಕನ್ನಡದಲ್ಲಿ ಕೇಳಿದ. ಅದೇ ಫಾಂಟನ್ನು ಪೆನ್‌ಡ್ರೈವಿನಲ್ಲಿ ತಂದು ಅಕ್ಕೋರ ಕಂಪ್ಯೂಟರಿಗೂ ಹಾಕಿದೆ. ಪರದೆಯಲ್ಲಿ ಕನ್ನಡ ಮೂಡಿತು. ಕಣ್ಣು ಮುಚ್ಚಿಕೊಂಡು ಓದುವ ಗುಂಡಿ ಒತ್ತಿದೆ.

"ಪಿ, ಎ, ಪೌಂಡ್, ಎ..."

ಅಕ್ಕೋರು ಈ ಸಲ ನಗಲಿಲ್ಲ.

ನಾನು ಮತ್ತೆ ಕೋಠಿಗೆ ಹೋದೆ. ರಶೀದ್ ಫಾಂಟಿನಲ್ಲೇ ಏನೋ ಗೊಂದಲ ಇರಬೇಕೆಂದ. ಹಾಗಾದರೆ ಕರ್ವ್ ಮಾಡಿಕೊಡುತ್ತೇನೆ, ಆಮೇಲೆ ಯಾವ ಯಂತ್ರದಲ್ಲಿ ತೆರೆದರೂ ಚದುರುವುದಿಲ್ಲ ಎಂದ. ಅದು ಅವರ ಕಸುಬಿನ ರೂಢಿ. ಅಕ್ಷರಗಳನ್ನೆಲ್ಲ ಬರೀ ಗೆರೆಗಳಾಗಿ ಮಾಡಿ ಗಟ್ಟಿಗೊಳಿಸುವುದು; ಕಾರ್ಡು ಮುದ್ರಣಕ್ಕೆ ಹೋಗುವಾಗ ದಾರಿಯಲ್ಲಿ ಒತ್ತಕ್ಷರ ಜಾರಬಾರದಲ್ಲ. ಅವನು ಶ್ರದ್ಧೆಯಿಂದ ಎರಡು ದಿನ ಕೂತು ಎಲ್ಲ ಪುಟಗಳನ್ನೂ ಹಾಗೆ ಮಾಡಿಕೊಟ್ಟ. ಮನೆಗೆ ತಂದು ಓದಿಸಿದರೆ ಈಗ ಪೌಂಡೂ ಇಲ್ಲ. ಯಂತ್ರ ಪೂರ್ತಿ ಮೌನ. ಪರದೆಯ ಮೇಲೆ ಮಾತ್ರ ದುಂಡು ದುಂಡಾದ ಚೆಂದದ ಕನ್ನಡ.

"ನಿಮಗ ಕಾಣಸ್ತೈತಿ, ನನಗ ಕೇಳಸವಲ್ತು," ಎಂದರು ಅಕ್ಕೋರು. "ಕುರುಡಿಗೆ ಚೆಂದನ ಅಕ್ಷರ ತಂದು ಕೊಟ್ಟಂಗ ಆತು."

ಅವತ್ತು ಮೊದಲ ಬಾರಿ ಅವರ ದನಿಯಲ್ಲಿ ಸೋಲು ಕೇಳಿಸಿತು. ಆಪರೇಷನ್ನಿನ ದಿನ ಗೊತ್ತಾಗಿಬಿಟ್ಟಿತ್ತು. ತಾವು ಟೇಬಲ್ಲಿನ ಮೇಲಿಂದ ಏಳದಿದ್ದರೆ ಅಶೋಕ ಅಮ್ಮನ ನೆನಪಿಗೆಂದು ಈ ಸಿ.ಡಿ. ತೆರೆಯುತ್ತಾನೆ, ರಶೀದನಂಥ ಯಾರಾದರೂ ಅವನಿಗೂ ಒಂದು ಫಾಂಟು ಹಾಕಿಕೊಡುತ್ತಾನೆ, ಅವನು ಎಲ್ಲವನ್ನೂ ಇದ್ದ ಹಾಗೆಯೇ ಓದುತ್ತಾನೆ. ಅವರನ್ನು ಹಿಂಡುತ್ತಿದ್ದದ್ದು ಅದು.

ಹೀಗಾಗಿ ಅವರು ಬೇಡವೆಂದು ಮುಂದೂಡುತ್ತಿದ್ದ ವೀಣಾಳನ್ನು ಕರೆಯಬೇಕಾಯಿತು. ವೀಣಾ ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಳು. ತಲೆಯಲ್ಲಿ ಆಗಲೇ ನರೆ ಮೂಡಿತ್ತು. ಅಕ್ಕೋರು ಹೇಳುತ್ತಿದ್ದ ಆಕ್ಷೇಪ ಒಂದೇ: "ಆಕಿ ಓದತಾಳ್ರಿ. ಒಂದನೇ ಇಯತ್ತೆದಾಗ ಮಗ್ಗಲದಾಕಿ ಪಾಟಿ ಹಣಿಕಿ ನೋಡಿ ಬರೀತಿದ್ಲು."

ಭಾನುವಾರ ಮೆಟ್ರೋ ಹಿಡಿದು ಬಂದ ವೀಣಾ, ಛತ್ರಿ ಮಡಚುತ್ತಲೇ ಅದಕ್ಕೆ ಉತ್ತರ ಕೊಟ್ಟಳು. "ಅಕ್ಕೋರ, ಆ ಪಾಟಿ ನೋಡಿ ಬರದದ್ದು ತಪ್ಪಾಗಿತ್ತು. ನೀವ ಹೊಡದ್ರಿ. ಅಲ್ಲಿಂದ ಮಂದೀದು ನೋಡೂದು ಬಿಟ್ಟೀನಿ, ಒಟ್ಟು!"

ಪರದೆಯನ್ನು ಅವಳು ನೋಡಿದ್ದು ಒಂದೇ ಸಾಲು. "ಆಂಟೀ, ನೀವು ಫಾಂಟು ಫಾಂಟು ಅಂತ ತಿರುಗ್ಯಾಡಾಕತ್ತೀರಿ. ಇದು ಫಾಂಟಿನ ಮಾತಲ್ಲ. ಎನ್‌ಕೋಡಿಂಗ್."

"ಮತ್ತೆ ಕೋಠಿಯವನು ಫಾಂಟ್ ಹಾಕಿದ್ಮೇಲೆ ಕನ್ನಡ ಬಂತಲ್ಲಮ್ಮ?"

"ಬಂದದ್ದು ಕನ್ನಡದ ಚಿತ್ರ."

ನನಗೆ ಅರ್ಥವಾಗಲಿಲ್ಲ. ಆ ಇಡೀ ತಿಂಗಳು ನಾನು ಕೇಳಿದ್ದು ಒಂದೇ ಪದ. ಅಕ್ಷರದ ಆಕಾರಕ್ಕೂ ಫಾಂಟು, ಟೈಪ್ ಮಾಡುವ ಕೀಲಿಗಳ ಜೋಡಣೆಗೂ ಫಾಂಟು, ಟೈಪ್ ಮಾಡುವ ತಂತ್ರಾಂಶಕ್ಕೂ ಫಾಂಟು, ಕೆಟ್ಟರೆ ಅದೂ ಫಾಂಟಿನ ದೋಷ. ಹೊಟ್ಟೆಯೊಳಗಿನ ಎಲ್ಲ ನೋವಿಗೂ ಗ್ಯಾಸು ಎನ್ನುತ್ತಾರಲ್ಲ, ಹಾಗೆ. ವೀಣಾ ಕ್ಯಾರೆಕ್ಟರ್, ಗ್ಲಿಫ್, ಕೋಡ್ ಎಂದು ಇನ್ನೂ ಮೂರು ಪದ ಸುರಿದಳು. ನಾನು ಅವಳನ್ನು ನಿಲ್ಲಿಸಿ, ಚಹಾ ಕುಡಿಸಿ, ನಮ್ಮ ನಕ್ಷೆ ವಿಭಾಗದ ಮಾತಿನಲ್ಲಿ ಹೇಳು ಎಂದೆ. ನಮ್ಮಲ್ಲಿ ಪ್ರತಿ ಬಿಡಿಭಾಗಕ್ಕೂ ಒಂದು ನಂಬರು. ಅದರ ನಕ್ಷೆ ಬೇರೆ. ಒಂದೇ ಬೋಲ್ಟನ್ನು ಹತ್ತು ಜನ ಹತ್ತು ಕೈಯಲ್ಲಿ ಬರೆದರೂ ನಂಬರು ಒಂದೇ.

ಅವಳ ಮುಖ ಅರಳಿತು. "ಅದ ಆಂಟೀ, ಕರೆಕ್ಟ್! ಕ ಅನ್ನೂದು ಒಂದು ಬಿಡಿಭಾಗ. ಅದಕ್ಕ ಈಗ ಜಗತ್ತಿಗೆಲ್ಲಾ ಒಂದ ನಂಬರ್ ಐತಿ. ಬರಿಯೂ ಚಿತ್ರ ಬ್ಯಾರೆ, ಆ ಚಿತ್ರಗಳ ಗಂಟು ಫಾಂಟು. ಅಕ್ಕೋರು ಟೈಪ್ ಮಾಡೂವಾಗ ಈ ಹಳೇ ಫಾಂಟಿನವರು ಕನ್ನಡದ ನಂಬರ್ ತಗೊಳ್ಳಲಿಲ್ಲ. ಇಂಗ್ಲಿಷಿನ ಪಿ ಕೂಡೂ ಗೂಡಿನ್ಯಾಗ ಕ-ದ ಚಿತ್ರ ತಂದು ಕೂಡಿಸಿದ್ರು. ಕಣ್ಣಿಗೆ ಕ. ಮಷೀನಿಗೆ ಅದು ಇವತ್ತಿಗೂ ಪಿ."

"ಹಂಗಾದ್ರ ನ ಅನ್ನೂದು?" ಅಕ್ಕೋರು ಕೇಳಿದರು.

"ಪೌಂಡಿನ ಗೂಡಿನ್ಯಾಗ, ಅಕ್ಕೋರ."

"ಅಯ್ಯ, ಅದಕ ನನ್ನ ಬರಹದಾಗ ಅಷ್ಟು ರೊಕ್ಕ!"

ರಶೀದನ ಕರ್ವ್ ಏನು ಮಾಡಿತ್ತೆಂಬುದೂ ನನಗೆ ಆಗಲೇ ಹೊಳೆಯಿತು. ಅವನು ನಂಬರುಗಳನ್ನೇ ಕಿತ್ತು ಬರೀ ಗೆರೆಗಳನ್ನು ಉಳಿಸಿದ್ದ. ಮುದ್ರಣಕ್ಕೆ ಅದು ಸರಿಯಾದ ಕೆಲಸ. ಗೆರೆಗೆ ಮಾತ್ರ ಉಚ್ಚಾರಣೆ ಇಲ್ಲ. ಮೂವತ್ತು ವರ್ಷ ಗೆರೆಯನ್ನೂ ನಂಬರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ ನಾನೇ ಇದನ್ನು ಕಾಣದೆ ಹೋದದ್ದು ಎಲ್ಲರೂ ಒಂದೇ ಪದ ಆಡುತ್ತಿದ್ದರಿಂದ. ಅವತ್ತಿನಿಂದ ನಮ್ಮ ಮೂವರ ನಡುವೆ ಒಂದು ಕಟ್ಟಳೆ ಮಾಡಿದೆ: ಯಾರೂ ಬರೀ ಫಾಂಟು ಎನ್ನಬಾರದು. ಚಿತ್ರವೋ ನಂಬರೋ, ಬಿಡಿಸಿ ಹೇಳಬೇಕು.

ವೀಣಾ ಫೈಲನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಹಳೆಯ ಗೂಡುಗಳಿಂದ ಹೊಸ ನಂಬರುಗಳಿಗೆ ಬದಲಿಸುವ ಒಂದು ಪ್ರೋಗ್ರಾಮನ್ನು ಓಡಿಸಿದಳು. ಫೈಲನ್ನು ತೆರೆಯಲೇ ಇಲ್ಲ. ಹೊಸದನ್ನು ಅಕ್ಕೋರ ಕಂಪ್ಯೂಟರಿಗೆ ಹಾಕಿ ಓದಿಸಿದೆವು. ಯಂತ್ರ ಕನ್ನಡದಲ್ಲಿ ಬಾಯಿ ಬಿಟ್ಟಿತು. "ಕನಸಿನಲ್ಲಿ ಹುಮನಾಬಾದಿನ ನಮ್ಮ ಮನೆಯ..." ಎಂದದ್ದೇ ಅಕ್ಕೋರು ಕೈ ಎತ್ತಿದರು. ನಾನು ನಿಲ್ಲಿಸಿದೆ. ಅವರ ಕೈ ಗಾಳಿಯಲ್ಲೇ ಇತ್ತು.

ನಾವಿಬ್ಬರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆವು. ಅವರು ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳಲು ಕೂತರು. ಸ್ವಲ್ಪದರಲ್ಲೇ ಕರೆದರು. ಅಲ್ಲಲ್ಲಿ ಯಂತ್ರ ತೊದಲುತ್ತದೆ, ಅಡಚಣೆಯ ಜಾಗದಲ್ಲಿ ಏನೋ ಗೊಣಗುತ್ತದೆ, ಅರ್ಥವಾಗುವುದಿಲ್ಲ ಎಂದರು. ವೀಣಾ ಕಾರಣ ಹೇಳಿದಳು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಕ್ಷರದ ಬೆನ್ನ ಹಿಂದೆ ಇಡುತ್ತಿದ್ದರು. ಹೊಸದರಲ್ಲಿ ಅದು ಮುಂದೆ ಬರಬೇಕು. ಅಕ್ಕೋರು ನಡುವೆ ನಿಜವಾದ ಇಂಗ್ಲಿಷನ್ನೂ ಬಳಸಿದ್ದರು. ನಿಜವಾದ ಪಿ ಯಾವುದು, ಕ-ದ ವೇಷದ ಪಿ ಯಾವುದು, ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಎರಡನ್ನೂ ಕನ್ನಡ ಮಾಡಿಬಿಡುತ್ತದೆ. ಇದನ್ನೆಲ್ಲ ಮನುಷ್ಯರೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಪದಕ್ಕೆ ಪದ ನೋಡಿ ತಿದ್ದಬೇಕು.

"ಅಂದ್ರ ಓದಬೇಕು," ಎಂದರು ಅಕ್ಕೋರು.

"ಓದಲೇಬೇಕು ಅಂತೇನಿಲ್ಲ," ಎಂದೆ ನಾನು.

ನಕ್ಷೆ ವಿಭಾಗದಲ್ಲಿ ನಮಗೆ ಒಂದು ಕ್ರಮ ಕಲಿಸಿದ್ದರು. ನಕ್ಷೆಯ ಮೇಲಿನ ಬರಹವನ್ನು ಚೆಕರ್ ಎಂದೂ ಮೊದಲಿನಿಂದ ಓದಬಾರದು. ಮೊದಲಿನಿಂದ ಓದಿದರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ಕಣ್ಣು ತಪ್ಪನ್ನು ಹಾರಿಸಿ ಹೋಗುತ್ತದೆ. ಕೊನೆಯ ಸಾಲಿನ ಕೊನೆಯ ಪದದಿಂದ ಹಿಡಿದು ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಒಂದು ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಒಮ್ಮೆಗೆ ಒಂದೇ ಪದ ಕಾಣುವಂತೆ ಇಟ್ಟುಕೊಳ್ಳಬೇಕು. ತಪ್ಪು ಹಿಡಿಯಲು ಮಾಡಿದ ಆ ಕ್ರಮ, ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳದೆ ಇರಲೂ ಉಪಯೋಗಕ್ಕೆ ಬರಬಹುದೆಂದು ಎಂದೂ ಯೋಚಿಸಿರಲಿಲ್ಲ.

ಇದನ್ನು ವಿವರಿಸಿದಾಗ ಅಕ್ಕೋರು ನನ್ನ ಕೈ ಹುಡುಕಿ ಹಿಡಿದರು. "ನಡುವ ಎಲ್ಲೆರ ಒಂದು ಮಾತು ಜೋಡಾಗಿ ಬಿಟ್ರ?"

"ಎದ್ದು ಹೋಗಿ ಕೈ ತೊಳೆದು ಬರ್ತೀನಿ."

ಆಷಾಢದ ಕೊನೆ, ಶ್ರಾವಣ, ಭಾದ್ರಪದದ ಮೊದಲ ಪಕ್ಷ, ಎಲ್ಲ ಹಾಗೇ ಕಳೆದವು. ಬೆಳಗಿನ ಸ್ನಾನ, ಪೂಜೆ, ತಿಂಡಿ ಮುಗಿಸಿ ನಾನು ಕೆಳಗಿಳಿಯುತ್ತಿದ್ದೆ. ಪರದೆಯ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಒಂದು ಮದುವೆ ಕಾರ್ಡಿನ ದಪ್ಪ ಹಾಳೆಯಲ್ಲಿ ಎರಡು ಕಿಂಡಿ ಕೊರೆದು ಪರದೆಗೆ ಒತ್ತಿ ಹಿಡಿಯುತ್ತಿದ್ದೆ. ಕಿಂಡಿಯಲ್ಲಿ ‘ಹೋದೆ’ ಬಂದರೆ ಎರಡೂ ಕಡೆ ‘ಹೋದೆ’. ಅದರ ಹಿಂದೆ ‘ಬಿಟ್ಟು’. ಆಮೇಲೆ ‘ಬಾಗಿಲು’. ಪದಗಳು ಬಾವಿಯಿಂದ ಒಂದೊಂದೇ ಕೊಡ ಬಂದಂತೆ ಬರುತ್ತಿದ್ದವು, ಯಾವ ಮನೆಗೆ ಹೋಗುವ ನೀರೆಂದು ತಿಳಿಯುತ್ತಿರಲಿಲ್ಲ. ‘ಉಪ್ಪು’. ‘ಮಂಗಳವಾರ’. ‘ಅತ್ತಿಗೆ’. ‘ಸೀಮೆಸುಣ್ಣ’ ಬಹಳ ಬಾರಿ ಬಂತು. ಮನಸ್ಸು ಕೆಲವು ಸಲ ಎರಡು ಪದಗಳ ನಡುವೆ ಹೊಲಿಗೆ ಹಾಕಲು ನೋಡುತ್ತಿತ್ತು. ಆಗ ಎದ್ದು ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆದು, ಮಳೆ ನೋಡಿ, ಬರುತ್ತಿದ್ದೆ. ಆ ದಿನಗಳಲ್ಲಿ ನನ್ನ ಕೈ ಯಾವಾಗಲೂ ತಣ್ಣಗಿರುತ್ತಿತ್ತು.

ಅಕ್ಕೋರು ಎದುರಿನ ಕುರ್ಚಿಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಕಣ್ಣಿಲ್ಲದಿದ್ದರೂ ಬೆರಳಿಗೆ ಕಲ್ಲು ಸಿಗುತ್ತಿತ್ತು. ನನ್ನ ಉಸಿರು ಬದಲಾದರೂ ಅವರಿಗೆ ಗೊತ್ತಾಗುತ್ತಿತ್ತು. "ಏನ್ ಬಂತ್ರಿ?" ಎನ್ನುತ್ತಿದ್ದರು. "ಅರ್ಕಾವತ್ತು," ಎನ್ನುತ್ತಿದ್ದೆ. ಒಮ್ಮೆ ಮಾತ್ರ, "ಅಕ್ಕೋರೇ, ಒಂದು ಪದ ಹಳೇದರಲ್ಲೇ ತಪ್ಪಿದೆ. ‘ಕ್ಷಮೆ’ ಅಂತ ಇರಬೇಕಾದ ಕಡೆ ಒತ್ತು ಬಿಟ್ಟಿದೆ. ತಿದ್ದಲಾ?" ಎಂದೆ.

ಅವರ ಬೆರಳು ಅಕ್ಕಿಯಲ್ಲಿ ನಿಂತಿತು. "ನಾ ಬರದದ್ದ ಹಂಗ ಇದ್ರ ಹಂಗ ಇಡ್ರಿ. ನಾ ಕೇಳಿ ಹೇಳತೀನಿ."

ಗಣೇಶನನ್ನು ಕಳಿಸಿದ ಮೇಲೆ ಮಳೆ ಕಡಿಮೆಯಾಯಿತು. ಪಿತೃಪಕ್ಷ ಹಿಡಿದ ದಿನ ನನ್ನ ರಟ್ಟಿನ ಕಿಂಡಿಗೆ ಮೊದಲ ಪುಟದ ಮೊದಲ ಪದ ಬಂತು. ಫೈಲನ್ನು ಅವರಿಗೆ ಒಪ್ಪಿಸಿ ಮೇಲೆ ಹೋದೆ.

ಆಮೇಲೆ ಒಂದು ವಾರಕ್ಕೂ ಹೆಚ್ಚು ದಿನ ಕೆಳಗಿನ ಬಾಗಿಲು ಮುಚ್ಚಿತ್ತು. ಒಂದು ಸಂಜೆ ಮೆಟ್ಟಿಲಲ್ಲಿ ಅಶೋಕ ಸಿಕ್ಕಿದ. "ಆಂಟೀ, ಅವ್ವ ಊಟದ ಹೊತ್ತಿಗೂ ಕಿವ್ಯಾಗಿಂದ ಅದನ್ನ ತಗಿಯವಲ್ಲಳು. ಏನ್ ಕೇಳಾಕತ್ತಾಳ?" ಎಂದ. "ನನಗೂ ಗೊತ್ತಿಲ್ಲಪ್ಪ," ಎಂದೆ. ಅದು ನಿಜವೇ ಆಗಿತ್ತು.

ಶುಕ್ರವಾರ ಅಕ್ಕೋರು ಕರೆದರು. ಮುಖ ಸೊರಗಿತ್ತು. "ಮಷೀನು ಎಲ್ಲಾರ ಹೆಸರೂ ಒಂದ ದನಿಲೆ ಕೂಗತೈತ್ರಿ. ಹಾಜರಿ ತಗೊಂಡಂಗ. ಸಿಟ್ಟಿಲ್ಲ, ಕಣ್ಣೀರಿಲ್ಲ. ಹಂಗ ಕೇಳಿದ ಮ್ಯಾಲ ನಾ ಬರದದ್ದು ನನಗ ಬ್ಯಾರೆಯವರದು ಅನಸ್ತು." ಆಮೇಲೆ ಹೇಳಿದರು, "ಒಂದು ಅಧ್ಯಾಯ ತಗೀಬೇಕು. ಪೂರಾ. ಅದು ಯಾರ ಮ್ಯಾಲ ಬರದೀನೊ, ಆಕಿ ಇನ್ನೂ ಅದಾಳ. ಅಶೋಕಗ ಆಕಿ ಭಾಳ ಬೇಕಾದಾಕಿ. ಸಣ್ಣಂವ ಇದ್ದಾಗ ಎತ್ತಿ ಆಡಿಸ್ಯಾಳ. ಆಕಿ ನನಗ ಮಾಡಿದ್ದು ಖರೇನ. ಆದ್ರ ಅದು ನನ್ನ ಸಂಗಾಟ ಹೋಗ್ಲಿ."

ಅಧ್ಯಾಯದ ಮೊದಲ ಎರಡು ಪದ, ಕೊನೆಯ ಎರಡು ಪದ ಹೇಳಿದರು. ಹುಡುಕುವ ಖಾನೆಯಲ್ಲಿ ಅವನ್ನು ಟೈಪ್ ಮಾಡಿದೆ. ಅಕ್ಷರಗಳಿಗೆ ಈಗ ಅವುಗಳದೇ ನಂಬರು ಇತ್ತು, ಯಂತ್ರ ತಕ್ಷಣ ಎರಡು ಕಡೆಯೂ ನಿಂತು ತೋರಿಸಿತು. ರಟ್ಟು ಅಡ್ಡ ಹಿಡಿದು, ನಡುವಿನದನ್ನೆಲ್ಲ ಹಿಡಿದು ಅಳಿಸಿದೆ.

"ಎಲ್ಲಾ ಕಡೆ ಹೋತೇನ್ರಿ?"

"ಈ ಫೈಲಲ್ಲಿ ಹೋಯ್ತು."

"ಉಳದದ್ದು?"

ಅಕ್ಕೋರ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಗಳನ್ನು ಅಲ್ಲೇ ಅಳಿಸಿ, ಆ ಮಧ್ಯಾಹ್ನವೇ ಕೋಠಿಗೆ ಹೋಗಿ ನಿಂತು ರಶೀದನ ಯಂತ್ರದಲ್ಲಿದ್ದುದನ್ನೂ ನನ್ನ ಪೆನ್‌ಡ್ರೈವಿನಲ್ಲಿದ್ದುದನ್ನೂ ತೆಗೆಸಿದೆ. "ಇತ್ನಾ ಮೆಹನತ್ ಅಮ್ಮಾ!" ಎಂದು ಅವನು ತನ್ನ ಎರಡು ದಿನದ ಶ್ರಮ ನೆನೆದು ನೊಂದುಕೊಂಡರೂ ತೆಗೆದ. ವೀಣಾ ಶನಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದು ನಮ್ಮೆದುರು ಅಳಿಸಿದಳು. ಉಳಿದದ್ದು ಸಿ.ಡಿ. ಮೊದಲು ಹೇಳಿದ ಆ ಬೆಳಿಗ್ಗೆ, ಹತ್ತು ಗಂಟೆ. ಸೋಮವಾರ ಅಕ್ಕೋರು ಆಸ್ಪತ್ರೆ ಸೇರಬೇಕಿತ್ತು.

"ಅಕ್ಕೋರ, ಬ್ಯಾಡ," ಎಂದಳು ವೀಣಾ. "ಇದು ಮೂಲ. ನಾಳೆ ಹೊಸದರಾಗ ಎಲ್ಲೆರ ಒಂದು ತಪ್ಪು ಸಿಕ್ರ ಯಾವುದರ ಸಂಗಾಟ ಹೊಂದಿಸಿ ನೋಡೂದು? ಆಂಟೀ, ನೀವರೆ ಹೇಳ್ರಿ. ನಿಮ್ಮ ಆಫೀಸಿನ್ಯಾಗ ಒರಿಜಿನಲ್ ಹರೀತಿದ್ರೇನು?"

ಅವಳು ಹೇಳಿದ್ದು ಸರಿಯಾಗಿತ್ತು. ಈ ಸಿ.ಡಿ. ಹೋದರೆ ನನ್ನ ಎರಡು ತಿಂಗಳ ಕೆಲಸಕ್ಕೆ ಸಾಕ್ಷಿ ಇರುವುದಿಲ್ಲ. ನಾನು ಬಿಟ್ಟ ತಪ್ಪು ಇನ್ನು ಯಾವ ಕಾಲಕ್ಕೂ ತಪ್ಪೆಂದು ಯಾರಿಗೂ ತಿಳಿಯುವುದಿಲ್ಲ. ಅದೇ ಅಕ್ಕೋರ ಮಾತಾಗಿ ನಿಲ್ಲುತ್ತದೆ. ಆ ಭಾರ ನನ್ನ ಮೇಲೆ. ಚೆಕರ್ ಆಗಿ ನಾನು ಅಷ್ಟು ದೊಡ್ಡ ಸಹಿ ಎಂದೂ ಹಾಕಿರಲಿಲ್ಲ.

"ಹರೀತಿರಲಿಲ್ಲ," ಎಂದೆ. "ಅಕ್ಕೋರೇ, ತಪ್ಪಿದ್ದರೆ ಇನ್ನು ತಿದ್ದೋಕಾಗಲ್ಲ. ತಿಳಿದು ಹೇಳಿ."

"ನೀವು ನೋಡೀರಲ್ಲ," ಎಂದರು ಅವರು. ಅಷ್ಟೇ.

ಕತ್ತರಿ ಎತ್ತಿಕೊಂಡೆ. ಸಿ.ಡಿ. ಸುಲಭವಾಗಿ ಮುರಿಯುವುದಿಲ್ಲ. ಮೊದಲು ಬಾಗಿತು, ಆಮೇಲೆ ಒಣ ಕಡ್ಡಿಯಂತೆ ಸದ್ದು ಮಾಡಿ ಸೀಳಿತು. ಬೆಳ್ಳಿಯ ಪೊರೆ ಮೇಜಿನ ಮೇಲೆ ಉದುರಿತು. ಅಕ್ಕೋರು ಕತ್ತು ನನ್ನ ಕಡೆ ಹೊರಳಿಸಿ ಪ್ರತಿ ಸದ್ದನ್ನೂ ಕೇಳಿದರು. ‘ನನ್ನದು’ ಎಂಬುದು ಎರಡಾಗಿ, ನಾಲ್ಕಾಗಿ ಹೋಯಿತು. ಚೂರುಗಳನ್ನು ಕಾಗದದಲ್ಲಿ ಕಟ್ಟಿ ವೀಣಾಳ ಕೈಗೆ ಕೊಟ್ಟೆ. ಚೀಲಕ್ಕೆ ಹಾಕಿಕೊಂಡು ಅವಳು ಅಕ್ಕೋರ ಕಾಲು ಮುಟ್ಟಿ ಹೊರಟಳು.

ನಾನು ಮೇಜು ಒರೆಸಿದೆ, ಕತ್ತರಿಯನ್ನು ಅದರ ಜಾಗಕ್ಕೆ ಇಟ್ಟೆ, ಕಿಂಡಿಯ ರಟ್ಟನ್ನು ಎತ್ತಿಕೊಂಡೆ. ಹೊರಡಲು ಎದ್ದಾಗ ಅಕ್ಕೋರು ಕುರ್ಚಿ ತಟ್ಟಿದರು.

"ಎಲ್ಲಿಗೆ ಹೊಂಟ್ರಿ? ಕುಂಡರ್ರಿ. ಈಗ ನೀವು ಓದ್ರಿ. ಗಟ್ಟಿಯಾಗಿ ಓದ್ರಿ. ಮಷೀನಿನ ದನಿ ಕೇಳಿ ಕೇಳಿ ಸಾಕಾಗೇತಿ." ಆಮೇಲೆ, "ಮುಂದಿನಿಂದ ಓದ್ರಿ, ಮತ್ತ!"

ರಟ್ಟನ್ನು ಬದಿಗಿಟ್ಟು ಕನ್ನಡಕ ಒರೆಸಿಕೊಂಡೆ. ಮೊದಲ ಪುಟ ತೆರೆದೆ. ಆ ಪುಟದ ಪ್ರತಿ ಪದವೂ ನನಗೆ ಗೊತ್ತಿತ್ತು. ಒಂದು ವಾಕ್ಯವೂ ಗೊತ್ತಿರಲಿಲ್ಲ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ನಿಧಾನವಾಗಿ ಓದಿದೆ. ಪುಟದ ಕೊನೆಯ ಸಾಲು ಮುಗಿದಾಗ ಅಕ್ಕೋರು ಸರಿ ಎಂಬಂತೆ ತಲೆ ಆಡಿಸಿದರು. ತಪ್ಪಿರಲಿಲ್ಲ. ಕಂಪ್ಯೂಟರು ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ, ನಾನು ಮೇಲೆ ಹೋದೆ.